ನೋವು ಕಾಲಿನಲ್ಲಿ, ಮೂಲ ಬೆನ್ನಿನಲ್ಲಿ

ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದೊಡನೆ ಮಾನ್ವಿಯ ಗದ್ದೆಗಳಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಸಸಿ ನೆಡಲು ನಿಲ್ಲುತ್ತಾರೆ. ಸಂಜೆಯವರೆಗೂ ಬೆನ್ನು ನೆಟ್ಟಗಾಗುವುದು ಅಪರೂಪ. ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುವವರ ಪಾಡೂ, ರಾಯಚೂರಿನ ಗಂಜಿನಲ್ಲಿ ಮೂಟೆ ಹೊರುವ ಹಮಾಲರ ಪಾಡೂ ಇದಕ್ಕಿಂತ ಬೇರೆಯಲ್ಲ. ಇಂಥವರಲ್ಲಿ ಕೆಲವರಿಗೆ ಒಂದು ದಿನ ನಿತಂಬದಿಂದ ಹೊರಟ ನೋವು ತೊಡೆ, ಮೀನಖಂಡಗಳನ್ನು ಹಾದು ಪಾದದವರೆಗೆ ಮಿಂಚಿನಂತೆ ಇಳಿಯುತ್ತದೆ. “ನರ ಹಿಡಿದಿದೆ” ಎಂದು ಕಾಲಿಗೆ ಎಣ್ಣೆ ತಿಕ್ಕಿಸುವುದು, ಸೊಂಟ ತುಳಿಸುವುದು ಮೊದಲಾಗುತ್ತವೆ. ತಿಂಗಳುಗಳು ಉರುಳುತ್ತವೆ, ಕೂಲಿ ತಪ್ಪುತ್ತದೆ, ನೋವು ಮಾತ್ರ ಉಳಿಯುತ್ತದೆ.

ನರ ಹಿಡಿದಿದೆ ಎಂಬ ಮಾತು ಸುಳ್ಳಲ್ಲ. ಹಿಡಿದಿರುವ ಸ್ಥಳ ಮಾತ್ರ ಕಾಲಲ್ಲ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಯೊಂದು ಹೊರಚಾಚಿ, ಕಾಲಿಗೆ ಇಳಿಯುವ ನರದ ಬೇರನ್ನು ಒತ್ತುವುದೇ ಬಹುಮಟ್ಟಿಗೆ ಇದಕ್ಕೆ ಕಾರಣ. ಅಮೆರಿಕದ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಇದನ್ನು ಸ್ಪಷ್ಟಪಡಿಸಿದರು.

ರೋಗವನ್ನು ಗುರುತಿಸಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ವೈದ್ಯರು ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ಮೇಲೆತ್ತುತ್ತಾರೆ. 30ರಿಂದ 70 ಡಿಗ್ರಿಯೊಳಗೆ ಅದೇ ನೋವು ಮಂಡಿಯ ಕೆಳಗೂ ಹರಿದರೆ ಸಂದೇಹ ಬಲವಾಗುತ್ತದೆ. ಕಾಲಿನ ಹೆಬ್ಬೆರಳನ್ನು ಮೇಲೆತ್ತಲು ಬಲ ಸಾಲದಿದ್ದರೆ ಒಂದು ನರಬೇರು, ತುದಿಗಾಲಿನಲ್ಲಿ ನಿಲ್ಲಲಾಗದಿದ್ದರೆ ಮತ್ತೊಂದು ಒತ್ತಿಗೆ ಸಿಕ್ಕಿದೆಯೆಂದು ಊಹಿಸಬಹುದು. ಎಂ.ಆರ್.ಐ. ಚಿತ್ರ ಎಲ್ಲರಿಗೂ ಮೊದಲ ದಿನವೇ ಅವಶ್ಯವಲ್ಲ. ನೋವೇ ಇಲ್ಲದ ಅನೇಕರ ಚಿತ್ರಗಳಲ್ಲೂ ಉಬ್ಬಿದ ಬಿಲ್ಲೆ ಕಾಣುವುದುಂಟು.

ಚಿಕಿತ್ಸೆಯ ವಿಷಯದಲ್ಲಿ ಒಂದು ಸ್ವಾರಸ್ಯದ ಪ್ರಸಂಗವಿದೆ. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಜಿಯೋಥೆರಪಿ ತಜ್ಞರ ರೋಗಿಯೊಬ್ಬ, ತಲೆಯ ಭಾಗ ಎತ್ತರಿಸಿದ್ದ ಮಂಚದ ಮೇಲೆ ಬೋರಲು ಮಲಗಿಬಿಟ್ಟ. ಕೆಲವು ನಿಮಿಷಗಳ ನಂತರ ತಜ್ಞರು ಬಂದು ನೋಡಿ ಗಾಬರಿಯಾದರು. ರೋಗಿಯಾದರೋ ತನ್ನ ಕಾಲುನೋವು ಹೋಯಿತೆಂದು ಹೇಳಿದ! ಕಾಲಿನ ನೋವು ಹಿಮ್ಮೆಟ್ಟಿ ಸೊಂಟಕ್ಕೆ ಏರಿದರೆ ಶುಭಸೂಚನೆ, ಪಾದದತ್ತ ಇಳಿದರೆ ಆ ವ್ಯಾಯಾಮ ಸಲ್ಲದು ಎಂಬ ತತ್ತ್ವ ಹೀಗೆ ಬೆಳೆಯಿತು. ಒಬ್ಬರಿಗೆ ಹಿತವಾದ ಭಂಗಿ ಇನ್ನೊಬ್ಬರಿಗೆ ಅಹಿತವಾಗಬಹುದು. ಆದುದರಿಂದ ವ್ಯಾಯಾಮವನ್ನು ತಜ್ಞರ ಕಣ್ಣೆದುರಿನಲ್ಲೇ ಕಲಿಯತಕ್ಕದ್ದು. ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯದೆ, ತಾಳಬಲ್ಲಷ್ಟು ನಡೆದಾಡುವುದು ಒಳ್ಳೆಯದು. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ, ಶಸ್ತ್ರಚಿಕಿತ್ಸೆಯಿಲ್ಲದೆಯೇ ನೋವು ಇಳಿಮುಖವಾಗುತ್ತದೆ. ಕೆಲಸಕ್ಕೆ ಮರಳಿದವರು ನಾಟಿಯ ನಡುವೆ ಆಗಾಗ ನೆಟ್ಟಗೆ ನಿಂತು ಬೆನ್ನನ್ನು ಹಿಂದಕ್ಕೆ ಬಾಗಿಸಬೇಕು.

ಆದರೆ ಕಾಯಬಾರದ ಲಕ್ಷಣಗಳೂ ಉಂಟು. ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಪಾದ ಜೋತುಬೀಳುವುದು - ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ ಆಸ್ಪತ್ರೆ ಸೇರಬೇಕು. ರಾಯಚೂರು ದೂರವೆಂದು ದೇವದುರ್ಗದಲ್ಲೋ ಮಾನ್ವಿಯಲ್ಲೋ ಒಂದು ವಾರ ತಡೆದರೆ, ನರದ ನಷ್ಟ ಜೀವಮಾನವಿಡೀ ಉಳಿಯಬಹುದು.

ದುಡಿಯುವ ಬೆನ್ನಿಗೆ ನೋವು ಸಹಜವೆಂದು ಸಹಿಸುವುದು ನಮ್ಮ ಹೆಂಗಸರಿಗೆ ರೂಢಿಯಾಗಿದೆ. ಮನೆಯವರಾದರೂ ಒಮ್ಮೆ ಕೇಳಲಿ: “ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತದೆ?” ಚಿಕಿತ್ಸೆ ಆರಂಭವಾಗುವುದು ಆ ಪ್ರಶ್ನೆಯಿಂದಲೇ.