ಪಾಪನಿವೇದನೆಯೂ ದೇವರ ಕರುಣೆಯೂ

ತಪಸ್ಸುಕಾಲ ಬಂದಿತೆಂದರೆ ಬೇ ಏರಿಯಾದ ನಮ್ಮ ಕನ್ನಡ ಕಥೋಲಿಕ ಕುಟುಂಬಗಳಲ್ಲಿ ಒಂದು ಹಳೆಯ ಚರ್ಚೆ ಮತ್ತೆ ತಲೆಯೆತ್ತುತ್ತದೆ. ಊರಿನಿಂದ ಬಂದ ಹಿರಿಯರು ಮೇಲಿಂದ ಮೇಲೆ ಪಾಪನಿವೇದನೆಗೆ ಹೋಗಬಯಸುತ್ತಾರೆ. ಇಲ್ಲಿಯೇ ಬೆಳೆದ ಮಕ್ಕಳು, ದೇವರು ಕರುಣಾಮಯಿ ಎಂದ ಮೇಲೆ ಗುರುಗಳ ಮುಂದೆ ಮತ್ತೆ ಮತ್ತೆ ಹೇಳಿಕೊಳ್ಳುವುದೇಕೆ ಎಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯದ ಒಂದೊಂದು ಪಾಲಿದೆ ಎಂಬುದು ನಮ್ಮ ಅಭಿಪ್ರಾಯ.

ಧರ್ಮಸಭೆಯ ಕಟ್ಟುನಿಟ್ಟಿನ ನಿಯಮ ಕೇಳುವುದು ಸ್ವಲ್ಪವನ್ನೇ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರಲ್ಲಿ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. 1983ರ ಕಾನೂನು ಸಂಹಿತೆ ಗಂಭೀರ ಪಾಪಗಳ ವಿಷಯದಲ್ಲಿ ಅದನ್ನೇ ಉಳಿಸಿಕೊಂಡಿದೆ. ದಿನನಿತ್ಯದ ಸಣ್ಣ ಲೋಪಗಳನ್ನು ಹೇಳಿಕೊಳ್ಳುವುದು ಕಡ್ಡಾಯವಲ್ಲ. ಒಳ್ಳೆಯದೆಂಬ ಪ್ರೋತ್ಸಾಹವಷ್ಟೇ ಉಂಟು. ಪೋಪ್ ಹನ್ನೆರಡನೆಯ ಪಿಯುಸರು 1943ರಲ್ಲಿ ಈ ರೂಢಿಯನ್ನು ಸಮರ್ಥಿಸುತ್ತ, ಅದರಿಂದ ತನ್ನನ್ನು ತಾನರಿಯುವುದೂ ವಿನಯವೂ ಬೆಳೆಯುತ್ತವೆ, ಕೆಟ್ಟ ಅಭ್ಯಾಸಗಳು ಕಳಚುತ್ತವೆ ಎಂದು ಬೋಧಿಸಿದರು. ಹಾಗಾಗಿ ಪದೇ ಪದೇ ಹೋಗುವುದು ದಂಡ ತೆರುವುದಲ್ಲ, ಒಲಿದು ಆರಿಸಿಕೊಂಡ ಸಾಧನೆ. ತನ್ನ ದೋಷವನ್ನು ತಾನೇ ಎತ್ತಿ ಹೇಳಿಕೊಂಡ ಬಸವಣ್ಣನವರ ವಚನಗಳನ್ನು ಓದಿದ ಕನ್ನಡಿಗರಿಗೆ, ಅವರು ಯಾವ ಮತದವರೇ ಆಗಿರಲಿ, ಇದು ಅಪರಿಚಿತವೆನಿಸದು.

ಆದರೆ ಈ ಸಾಧನೆ ಭಯಕ್ಕೆ ತಿರುಗುವುದೂ ಉಂಟು. ಸಂತ ಇಗ್ನೇಷಿಯಸ್ ಲೊಯೋಲರು 1522ರ ಸುಮಾರಿಗೆ ಮನ್ರೇಸಾ ಎಂಬ ಊರಿನಲ್ಲಿದ್ದಾಗ, ಹೇಳಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಹೇಳಿಕೊಂಡರೂ ನೆಮ್ಮದಿ ಕಾಣದೆ ನರಳಿದರು. ಹಳೆಯ ಪಾಪಗಳನ್ನು ಇನ್ನು ಹೇಳಿಕೊಳ್ಳಲಾರೆನೆಂದು ನಿಶ್ಚಯಿಸಿದ ಮೇಲೆಯೇ ಅವರಿಗೆ ಬಿಡುಗಡೆ ದೊರಕಿತು. ಕ್ಷಮಿಸಲ್ಪಟ್ಟದ್ದನ್ನು ಕೆದಕುತ್ತಲೇ ಇರುವುದು ಭಕ್ತಿಯಲ್ಲ, ಕರುಣೆಯ ಮೇಲಿನ ಅಪನಂಬಿಕೆ. ನಮ್ಮ ಹಿರಿಯರಲ್ಲಿ ಈ ಕಳವಳವುಳ್ಳವರಿಗೆ ಬೇಕಾದದ್ದು ಗದರಿಕೆಯಲ್ಲ, ಸಮಾಧಾನ ಹೇಳಬಲ್ಲ ಒಬ್ಬರೇ ಗುರುಗಳ ಬಳಿಗೆ ನಿಯಮಿತವಾಗಿ ಹೋಗುವ ಅನುಕೂಲ.

ಮಕ್ಕಳಿಗೂ ಹೇಳಬೇಕಾದ ಮಾತಿದೆ. 2000ದ ಏಪ್ರಿಲ್ 30ರಂದು ಪೋಪ್ ಎರಡನೆಯ ಜಾನ್ ಪಾಲರು ಪೋಲೆಂಡಿನ ಸಿಸ್ಟರ್ ಫೌಸ್ತೀನರನ್ನು ಸಂತರೆಂದು ಘೋಷಿಸಿ, ಪಾಸ್ಖದ ಎರಡನೆಯ ಭಾನುವಾರವನ್ನು ದೈವಕರುಣೆಯ ಭಾನುವಾರವೆಂದು ಸಾರಿದರು. ಆ ದಿನದ ವಿಶೇಷ ದಂಡವಿಮೋಚನೆಯನ್ನು ಪಡೆಯಲು ಇರುವ ಷರತ್ತುಗಳಲ್ಲಿ ಪಾಪನಿವೇದನೆಯೂ ಒಂದು. ಕರುಣೆಯ ಹಬ್ಬವೇ ನಮ್ಮನ್ನು ಪಾಪನಿವೇದನೆಯತ್ತ ಕರೆದೊಯ್ಯುತ್ತದೆ. ದುಂದುಗಾರ ಮಗನ ಸಾಮತಿಯಲ್ಲಿ ತಂದೆ ದೂರದಿಂದಲೇ ಕಂಡು ಓಡಿ ಬರುತ್ತಾನೆ, ನಿಜ. ಆದರೂ ಮಗ ತನ್ನ ಮಾತನ್ನು ಬಾಯಿಬಿಟ್ಟು ಆಡುತ್ತಾನೆ. ಆಡಿದ್ದರಿಂದ ತಂದೆಗೆ ಹೊಸದೇನೂ ತಿಳಿಯಲಿಲ್ಲ. ಹಗುರವಾದದ್ದು ಮಗನ ಎದೆ.

ಪರದೇಶದಲ್ಲಿ ನಮಗಿರುವ ನಿಜವಾದ ತೊಡಕು ಭಾಷೆಯದು. ಇಂಗ್ಲಿಷಿನಲ್ಲಿ ಕಚೇರಿಯ ವ್ಯವಹಾರ ನಡೆಸಬಲ್ಲವರೂ ಎದೆಯ ಭಾರವನ್ನು ಆ ನುಡಿಯಲ್ಲಿ ಇಳಿಸಲು ತಡವರಿಸುತ್ತಾರೆ. ಇಂಗ್ಲಿಷ್ ಬಾರದ ಅಜ್ಜಿಯರಂತೂ ಊರಿಗೆ ಮರಳುವವರೆಗೆ ಕಾಯುತ್ತಾರೆ. ಕಾನೂನು ಸಂಹಿತೆಯ 990ನೆಯ ವಿಧಿ ದುಭಾಷಿಯ ಮೂಲಕ ಪಾಪನಿವೇದನೆ ಮಾಡಲು ಅವಕಾಶ ಕೊಟ್ಟಿದೆ; ಆ ದುಭಾಷಿಯೂ ಗುಟ್ಟು ಕಾಯಲು ಬದ್ಧನೆಂದು 983ನೆಯ ವಿಧಿ ಹೇಳುತ್ತದೆ. ಆದರೆ ಮಗನೋ ಸೊಸೆಯೋ ದುಭಾಷಿಯಾದರೆ ಅಜ್ಜಿಯ ಬಾಯಿ ಕಟ್ಟಿದಂತಾದೀತು. ಕನ್ನಡ ಬಲ್ಲ ಗುರುಗಳು ಈ ಕಡೆಗೆ ಬಂದಾಗ ನಾವು ಬಲಿಪೂಜೆಯನ್ನು ಮಾತ್ರ ಬೇಡದೆ, ಪಾಪನಿವೇದನೆಗೆಂದೇ ಒಂದು ಗಂಟೆಯನ್ನು ಬೇಡೋಣ.

ಎಷ್ಟು ಬಾರಿ ಹೋಗಬೇಕೆಂಬುದನ್ನು ಅವರವರ ಅಂತಃಸಾಕ್ಷಿಗೆ ಬಿಡೋಣ. ತಿಂಗಳಿಗೊಮ್ಮೆ ಎಂಬುದು ಹದವಾದ ರೂಢಿ ಎಂದು ನಮಗೆ ತೋರುತ್ತದೆ. ಮನೆಯಲ್ಲಿ ಮಕ್ಕಳಿಗೆ ಪಾಪಗಳ ಪಟ್ಟಿಯನ್ನು ಕಲಿಸುವ ಮೊದಲು ಓಡಿ ಬರುವ ತಂದೆಯ ಕಥೆಯನ್ನು ಹೇಳೋಣ. ಶನಿವಾರ ಹಿರಿಯರನ್ನು ಚರ್ಚಿಗೆ ಕರೆದೊಯ್ಯುವಾಗ ಮಕ್ಕಳನ್ನೂ ಜೊತೆಗೆ ಕರೆಯೋಣ.