ಹಳಗನ್ನಡಕ್ಕೆ ದಲ್ಲಾಳಿ ಬೇಡ

ಹಳಗನ್ನಡವನ್ನು ಜನರ ಬಳಿಗೆ ಒಯ್ಯಬೇಕು ಎಂಬ ಮಾತು ವಿಶ್ವವಿದ್ಯಾಲಯಗಳಲ್ಲಿ ಆಗಾಗ ಏಳುತ್ತದೆ. ಒಳ್ಳೆಯ ಮಾತೇ. ಆದರೆ ಒಯ್ಯುವವರು ಏನನ್ನು ಹೊತ್ತು ತರುತ್ತಾರೆ, ಯಾರ ಮನೆ ಬಾಗಿಲಲ್ಲಿ ಇಳಿಸುತ್ತಾರೆ ಎಂದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನ ಸಿಟ್ಟು ಇದು. ಭೀಮನಬೀಡಿನಂಥ ಊರುಗಳ ಪರವಾಗಿ ಅದಕ್ಕೆ ಕಾರಣ ಕೊಡಬೇಕಾಗಿದೆ.

ತಾಲ್ಲೂಕು ಮಟ್ಟದ ಹಳಗನ್ನಡ ಕಮ್ಮಟ ಹೇಗಿರುತ್ತದೆ ಎಂಬುದು ಮೇಷ್ಟ್ರುಗಳಿಗೆಲ್ಲ ಗೊತ್ತು. ಕಲ್ಯಾಣಮಂಟಪ. ವೇದಿಕೆಯ ಮೇಲೆ ಹತ್ತು ಹನ್ನೆರಡು ಕುರ್ಚಿ. ಹಾರ, ಶಾಲು, ನೆನಪಿನ ಕಾಣಿಕೆ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಆಶಯ ಭಾಷಣ ಮುಗಿಯುವ ಹೊತ್ತಿಗೆ ಹನ್ನೆರಡೂವರೆ. ಆಮೇಲೆ ಅರ್ಧ ಗಂಟೆ ಗಮಕ. ಊಟ. ಊಟವಾದ ಮೇಲೆ ಒಬ್ಬ ಪ್ರಾಧ್ಯಾಪಕರು ಕನ್ನಡದ ಪ್ರಾಚೀನತೆಯ ಮೇಲೆ ಪ್ರಬಂಧ ಓದುತ್ತಾರೆ. ನಾಲ್ಕು ಗಂಟೆಗೆ ಪ್ರಮಾಣಪತ್ರ, ಓ.ಓ.ಡಿ. ಚೀಟಿ. ಮೇಷ್ಟ್ರುಗಳು ಬಸ್ಸು ಹಿಡಿಯುತ್ತಾರೆ. ಇಂಥವುಗಳಲ್ಲಿ ನಾನು ಎಷ್ಟೋ ಸಲ ಕುಳಿತಿದ್ದೇನೆ. ದಿನವಿಡೀ ಹಳಗನ್ನಡದ ಹಿರಿಮೆ ಕೇಳಿದ್ದೇನೆ. ಎದುರಿಗೆ ಕುಳಿತವನ ಕೈಗೆ ಒಂದು ಸಾಲು ಕೊಟ್ಟು, ಇದನ್ನು ಓದಪ್ಪ, ಎಲ್ಲಿ ತೊಡಕಾಗುತ್ತದೆ ಹೇಳು ಎಂದವರನ್ನು ಕಂಡಿಲ್ಲ.

೨೦೦೮ರ ಅಕ್ಟೋಬರ್ ೩೧ರಂದು ಕೇಂದ್ರ ಸರ್ಕಾರ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಕೊಟ್ಟಿತು. ಅದಕ್ಕಾಗಿ ದೇ. ಜವರೇಗೌಡರು ಇಳಿವಯಸ್ಸಿನಲ್ಲಿ ಉಪವಾಸ ಕುಳಿತಿದ್ದರು. ೨೦೧೧ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಶಾಸ್ತ್ರೀಯ ಕನ್ನಡದ ಅಧ್ಯಯನ ಕೇಂದ್ರ ಶುರುವಾಯಿತು. ೨೦೨೪ರ ಅಕ್ಟೋಬರಿನಲ್ಲಿ ಮರಾಠಿ, ಬಂಗಾಳಿ, ಅಸ್ಸಾಮಿ, ಪಾಲಿ, ಪ್ರಾಕೃತಗಳೂ ಸೇರಿ ಆ ಪಟ್ಟಿಯಲ್ಲಿ ಹನ್ನೊಂದು ಭಾಷೆಗಳಾದವು. ಇದೆಲ್ಲ ಬೇಡವಾಗಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಆದದ್ದೇನು? ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಪತ್ರಗಳಿವೆ ಎಂದು ಸರ್ಕಾರ ಒಪ್ಪಿಕೊಂಡಿತು. ಪತ್ರ ಓದಲು ಮನೆಯವರಿಗೆ ಬರುವುದಿಲ್ಲ. ಪೆಟ್ಟಿಗೆಗೆ ವರ್ಷಕ್ಕೊಮ್ಮೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದೇವೆ.

ಹಿಂದೆ ಹೀಗಿರಲಿಲ್ಲ. ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ೧೯೧೧ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆ ಯಾವುದು ಎಂದು ಮಾತಾಡಿದರು. ಅವರೇ ೧೯೨೯ರಲ್ಲಿ ಗ್ರೀಕರ ಸೊಫೋಕ್ಲಿಸನ ಏಜಾಕ್ಸ್ ನಾಟಕವನ್ನು ‘ಅಶ್ವತ್ಥಾಮನ್’ ಮಾಡಿ ಹಳಗನ್ನಡದಲ್ಲಿ ತಂದರು. ಗ್ರೀಸಿನ ವೀರನೊಬ್ಬನ ದುಃಖ ಹೇಳುವ ಶಕ್ತಿ ಹಳಗನ್ನಡಕ್ಕೆ ಇದೆಯೋ ಇಲ್ಲವೋ ಎಂದು ಅವರು ಭಾಷಣ ಮಾಡಲಿಲ್ಲ, ಬರೆದು ತೋರಿಸಿದರು. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳೂ ಹಾಗೆಯೇ. ದೊಡ್ಡ ವಿದ್ವಾಂಸರು ಸಣ್ಣ ಊರುಗಳಿಗೆ ಬಂದು ಕನ್ನಡದಲ್ಲಿ ಮಾತಾಡಿದರು, ಮಾತಾಡಿದ್ದು ಅಗ್ಗದ ಪುಸ್ತಕವಾಗಿ ಕೈಗೆ ಬಂತು. ಅದು ಜನರಿಗೆ ತಿಳಿಯುತ್ತದೆ ಎಂದು ನಂಬಿದವರ ಕೆಲಸ.

ಗ್ರೀಕ್ ಲ್ಯಾಟಿನ್‌ಗಳ ಮಾತು ಬಂದದ್ದರಿಂದ ಇಂಗ್ಲೆಂಡಿನ ಕಥೆಯನ್ನೂ ನೋಡೋಣ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಸೇರಬೇಕಾದರೆ ಲ್ಯಾಟಿನ್ ಬರಬೇಕು ಎಂಬ ನಿಯಮ ೧೯೬೦ರಲ್ಲಿ ಹೋಯಿತು. ಕಡ್ಡಾಯ ಹೋದ ಮೇಲೆ ಲ್ಯಾಟಿನ್ ಸತ್ತೇಹೋಗುತ್ತದೆ ಎಂದು ಮೇಷ್ಟ್ರುಗಳು ಹೆದರಿದರು. ಹೆದರಿ ಸುಮ್ಮನೆ ಕೂರಲಿಲ್ಲ. ೧೯೬೬ರಲ್ಲಿ ಕೇಂಬ್ರಿಜ್‌ನಲ್ಲಿ ಒಂದು ಯೋಜನೆ ಹಾಕಿ ೧೯೭೦ರಲ್ಲಿ ಹೊಸ ಪಠ್ಯ ತಂದರು. ವಿಭಕ್ತಿ ಪಟ್ಟಿ ಬಾಯಿಪಾಠ ಮಾಡಿಸುವುದನ್ನು ಹಿಂದಕ್ಕೆ ತಳ್ಳಿ, ಪಾಂಪೇ ಊರಿನ ಒಂದು ಮನೆಯ ಕಥೆಯನ್ನು ಮೊದಲ ಪುಟದಿಂದಲೇ ಓದಿಸಿದರು. ಓದುತ್ತ ಓದುತ್ತ ವ್ಯಾಕರಣ ಬಂತು. ೨೦೨೧ರಲ್ಲಿ ಅಲ್ಲಿನ ಸರ್ಕಾರ ನಲವತ್ತರಷ್ಟು ಸರ್ಕಾರಿ ಶಾಲೆಗಳಲ್ಲಿ ಲ್ಯಾಟಿನ್ ಕಲಿಸಲು ಹಣ ಕೊಡುವುದಾಗಿ ಹೇಳಿತು. ೨೦೨೫ರ ಫೆಬ್ರವರಿಯಲ್ಲಿ, ಶಾಲೆಯ ವರ್ಷ ಮುಗಿಯುವ ಮುಂಚೆಯೇ, ಆ ಹಣ ನಿಂತಿತು. ಲ್ಯಾಟಿನ್ ಕಲಿತರೆ ಇಂಗ್ಲಿಷ್ ಪದ ಚೆನ್ನಾಗಿ ಬರುತ್ತದೆ, ವಕೀಲಿ ಓದಲು ಅನುಕೂಲ ಎಂದೆಲ್ಲ ಹೇಳುವವರು ಅಲ್ಲಿ ಬಹಳ ಇದ್ದಾರೆ. ಲಾಭದ ಲೆಕ್ಕ ತೋರಿಸಿ ಮಾರಿದ ಸರಕನ್ನು ಅದೇ ಲೆಕ್ಕದ ಪುಸ್ತಕ ತೋರಿಸಿ ನಿಲ್ಲಿಸಬಹುದು. ನಮ್ಮವರೂ ಹಳಗನ್ನಡ ಕಲಿತರೆ ಕೆ.ಎ.ಎಸ್. ಪರೀಕ್ಷೆಗೆ ಉಪಯೋಗ ಎನ್ನುತ್ತಾರೆ. ಪರೀಕ್ಷೆಯ ಪಠ್ಯ ಬದಲಾದ ದಿನ ಆ ಮಾತಿನ ಬೆಲೆ ಎಷ್ಟು?

ಇಂಗ್ಲೆಂಡಿನ ಹುಡುಗನಿಗೆ ಲ್ಯಾಟಿನ್ ಪರದೇಶದ ಭಾಷೆ. ಭೀಮನಬೀಡಿನ ಹುಡುಗಿಗೆ ಹಳಗನ್ನಡ ಹಾಗಲ್ಲ. ಅವಳ ಊರಿನ ಹೆಸರಿನಲ್ಲೇ ಅದು ಕುಳಿತಿದೆ. ಬಿಡು ಎಂಬ ಕ್ರಿಯೆಯ ಮೊದಲ ಸ್ವರ ಉದ್ದವಾದರೆ ಬೀಡು. ಕೆಡುವುದರಿಂದ ಕೇಡು, ಪಡುವುದರಿಂದ ಪಾಡು ಬಂದ ಹಾಗೆ. ಗಾಡಿ ಬಿಟ್ಟು, ಎತ್ತು ಬಿಚ್ಚಿ, ದಂಡು ಇಳಿದ ಜಾಗ ಬೀಡು. ರಾಜರು ನೆಲೆ ನಿಂತ ಜಾಗವನ್ನು ಶಾಸನಗಳು ನೆಲೆವೀಡು ಎನ್ನುತ್ತವೆ. ಇಷ್ಟು ಹೇಳಲು ಒಂದು ನಿಮಿಷ ಸಾಕು. ಹೇಳಿದ ಮೇಲೆ ಆ ಹುಡುಗಿ ಬಸ್ಸಿನ ಬೋರ್ಡನ್ನು ಮೊದಲಿನ ಹಾಗೆ ನೋಡುವುದಿಲ್ಲ.

ಒಮ್ಮೆ ಹತ್ತನೆಯ ತರಗತಿಯಲ್ಲಿ ಪಕಾರ ಹಕಾರವಾದ ಪಾಠ ಮಾಡುತ್ತಿದ್ದೆ. ಪುಲಿ ಹುಲಿಯಾಯಿತು, ಪಂದಿ ಹಂದಿಯಾಯಿತು, ಪಾವು ಹಾವಾಯಿತು, ಪಾಲು ಹಾಲಾಯಿತು ಎಂದು ಬೋರ್ಡಿನ ಮೇಲೆ ಬರೆದೆ. ಕಾಡಂಚಿನ ಮಕ್ಕಳಿಗೆ ಹುಲಿ, ಹಂದಿಗಳ ಗುರುತು ಬೇರೆ ಹೇಳಿಕೊಡಬೇಕಾಗಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ತರಕಾರಿ ತಕಳಕೆ ಬರೊ ಕೇರಳದೋರು ಪಾಲು ಅಂತಾರಲ್ಲ ಸಾ, ಅದೂ ಇದೂ ಒಂದೇಯಾ?” ಎಂದಳು. ಒಂದೇ ಕಣವ್ವ, ಒಂದೇ ಬೇರು ಎಂದೆ. ಭಾಷಾಶಾಸ್ತ್ರದ ದೊಡ್ಡ ವಿಷಯವೊಂದನ್ನು ಅವಳು ಸಂತೆಯಲ್ಲಿ ಕೇಳಿದ ಮಾತಿನಿಂದ ಹಿಡಿದುಬಿಟ್ಟಿದ್ದಳು. ಊಟಿ ರಸ್ತೆ, ಸುಲ್ತಾನ್ ಬತ್ತೇರಿ ರಸ್ತೆ ಎರಡೂ ಕೂಡುವ ಗುಂಡ್ಲುಪೇಟೆಯ ಮಕ್ಕಳ ಕಿವಿಗೆ ಈ ಶಿಕ್ಷಣ ಪುಕ್ಕಟೆಯಾಗಿ ಸಿಕ್ಕಿದೆ. ಕಮ್ಮಟ ಮಾಡುವವರಿಗೆ ಅದು ಗೊತ್ತಿಲ್ಲ, ಯಾಕೆಂದರೆ ಅವರು ಮಕ್ಕಳನ್ನು ಕೇಳಿಲ್ಲ.

ಇನ್ನು ಕಲ್ಲುಗಳ ವಿಷಯ. ಬಿ.ಎಲ್. ರೈಸ್ ಗುಂಡ್ಲುಪೇಟೆ, ಚಾಮರಾಜನಗರ, ಯಳಂದೂರು ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ೧೮೯೮ರಲ್ಲೇ ಅಚ್ಚು ಮಾಡಿಸಿದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ೧೯೭೪ರಲ್ಲಿ ಗುಂಡ್ಲುಪೇಟೆ, ನಂಜನಗೂಡು, ಹೆಗ್ಗಡದೇವನಕೋಟೆಗಳ ಶಾಸನಗಳನ್ನು ಪರಿಷ್ಕರಿಸಿ ತಂದಿತು. ಮಹತ್ವದ ಕೆಲಸ, ಸಂಶಯವಿಲ್ಲ. ಆದರೆ ರೈಸರ ಸಂಪುಟದಲ್ಲಿ ಶಾಸನದ ಪಾಠ ಕನ್ನಡದಲ್ಲಿದೆ, ಅರ್ಥ ಇಂಗ್ಲಿಷಿನಲ್ಲಿದೆ. ಅಂದರೆ ಗುಂಡ್ಲುಪೇಟೆಯ ಕಲ್ಲು ಏನು ಹೇಳುತ್ತದೆ ಎಂದು ತಿಳಿಯಲು ಗುಂಡ್ಲುಪೇಟೆಯ ರೈತ ಇಂಗ್ಲಿಷ್ ಕಲಿಯಬೇಕು! ನೂರಿಪ್ಪತ್ತು ವರ್ಷ ದಾಟಿದ ಮೇಲೂ ಒಂದೊಂದು ಹೋಬಳಿಯ ಶಾಸನಗಳನ್ನು ಹೊಸಗನ್ನಡದ ಅರ್ಥದೊಡನೆ ಸಣ್ಣ ಪುಸ್ತಕ ಮಾಡಿ ಆ ಹೋಬಳಿಯ ಮನೆಗಳಿಗೆ ಮುಟ್ಟಿಸುವುದು ನಮಗೆ ದೊಡ್ಡ ಕೆಲಸವಾಗಿ ಕಂಡಿಲ್ಲ.

ಆ ಕಲ್ಲುಗಳಲ್ಲಿ ಇರುವುದು ರಾಜರ ಬಿರುದು ಮಾತ್ರವಲ್ಲ. ನಮ್ಮ ಸೀಮೆಯ ವೀರಗಲ್ಲುಗಳನ್ನು ನೋಡಿ. ತುಱುಗೊಳ್ ಎಂದರೆ ದನ ಹಿಡಿದುಕೊಂಡು ಹೋಗುವುದು. ಊರ ದನ ಬಿಡಿಸಲು ಹೋಗಿ ಸತ್ತವನ ಹೆಸರನ್ನು ಊರವರು ಕಲ್ಲಿನಲ್ಲಿ ಬರೆಸಿದ್ದಾರೆ. ಸತ್ತವನ ಮನೆಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿದೆ. ಗದ್ದೆಯ ಅಳತೆ ಖಂಡುಗದಲ್ಲಿದೆ. ಖಂಡುಗ ಎಂದರೆ ಏನು ಎಂದು ಎಂ.ಎ. ಹುಡುಗ ನಿಘಂಟು ತೆಗೆಯಬೇಕು, ನಮ್ಮ ಹಳೆಯ ರೈತರು ತೆಗೆಯಬೇಕಾಗಿಲ್ಲ. ದನ ಕಾಯುವವರ, ಬೇಸಾಯಗಾರರ, ಊರಿಗಾಗಿ ಸತ್ತವರ ಹೆಸರು ನಮ್ಮ ನಾಡಿನಲ್ಲಿ ಮೊದಲು ಬರಹಕ್ಕೆ ಬಂದ ಜಾಗಗಳಲ್ಲಿ ಈ ಕಲ್ಲುಗಳೂ ಸೇರಿವೆ. ಅವು ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ಕಡೆ ಚರಂಡಿಗೆ ಹಾಸಾಗಿವೆ. ಓದಲು ಬಾರದ ಕಲ್ಲನ್ನು ಜನ ಇನ್ನೇನು ಮಾಡಬೇಕು?

ಓದಲು ಬಾರದ ಕಡೆ ದಲ್ಲಾಳಿ ಬರುತ್ತಾನೆ. ಇದು ತರಕಾರಿ ಮಂಡಿಯ ನಿಯಮ, ಚರಿತ್ರೆಗೂ ಇದೇ ನಿಯಮ. ಈ ಕಲ್ಲು ನಮ್ಮ ಜಾತಿಯವರದು ಎಂದು ಒಬ್ಬ, ನಮ್ಮ ದೇವರದು ಎಂದು ಇನ್ನೊಬ್ಬ. ಜೋರು ಗಂಟಲಿನವನು ಗೆಲ್ಲುತ್ತಾನೆ. ದೊಡ್ಡ ವೇದಿಕೆಗಳಲ್ಲೂ ಇದೇ ನಡೆಯುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ ೧೯೦೩ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕಡಲ ತೀರದ ಜನ ಆಡುವ ವಿಚಿತ್ರ ಮಾತುಗಳಿವೆ. ಅದರಲ್ಲಿ ಕನ್ನಡವಿದೆ ಎಂದು ಮೊದಲು ಹೇಳಿದವರು ಹುಲ್ಚ್, ೧೯೦೪ರಲ್ಲಿ. ಆರ್. ಶಾಮಾಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಬೆಳೆಸಿದರು. ಬಾರ್ನೆಟ್ ಒಪ್ಪಲಿಲ್ಲ. ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ. ನಮ್ಮ ಭಾಷಣಕಾರರು ಮಾತ್ರ ಎರಡನೆಯ ಶತಮಾನದಲ್ಲೇ ಗ್ರೀಕರು ಕನ್ನಡ ಮಾತಾಡಿದರು ಎಂದು ಚಪ್ಪಾಳೆ ಗಿಟ್ಟಿಸುತ್ತಾರೆ. ಅದನ್ನು ತೂಗಿ ನೋಡಲು ಗ್ರೀಕೂ ಬರಬೇಕು, ಹಳಗನ್ನಡವೂ ಬರಬೇಕು. ಚಪ್ಪಾಳೆ ತಟ್ಟುವವರಿಗೆ ಎರಡೂ ಬಾರದಂತೆ ನೋಡಿಕೊಂಡಿದ್ದೇವೆ. ಅಭಿಮಾನವನ್ನು ಹಂಚುವುದು ಸುಲಭ. ಓದು ಹಂಚಿದರೆ ಎದುರು ಪ್ರಶ್ನೆ ಏಳುತ್ತದೆ.

ಹಳಗನ್ನಡ ಪಂಡಿತರ ಸ್ವತ್ತು, ದುಡಿಯುವ ಜನಕ್ಕೆ ಅದರ ಹಂಗೇಕೆ ಎಂದು ನನ್ನ ಕೆಲವು ಗೆಳೆಯರು ಕೇಳುತ್ತಾರೆ. ಅವರ ಅನುಮಾನಕ್ಕೆ ಕಾರಣವಿದೆ. ಸಂಸ್ಕೃತವನ್ನು ಯಾರಿಗೆ ಕೊಟ್ಟರು, ಯಾರಿಗೆ ಬಿಟ್ಟರು ಎಂಬುದು ನಮಗೆ ಗೊತ್ತು. ಆದರೆ ಪಂಡಿತರ ಸ್ವತ್ತೆಂದು ನಾವೇ ಬಿಟ್ಟುಕೊಟ್ಟರೆ ಅದು ಪಂಡಿತರ ಸ್ವತ್ತಾಗಿಯೇ ಉಳಿಯುತ್ತದೆ. ಮಲೆಯೂರು ಕನಕಗಿರಿಯ ದೇವಚಂದ್ರ, ಯಳಂದೂರಿನ ಷಡಕ್ಷರದೇವ ಇಬ್ಬರೂ ಈ ಜಿಲ್ಲೆಯ ನೆಲದಲ್ಲಿ ಕೂತು ಬರೆದವರು. ಚಿಕ್ಕದೇವರಾಜರ ಅರಮನೆಯಲ್ಲಿ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಯಳಂದೂರಿನ ಹೆಣ್ಣುಮಗಳು. ಇವರನ್ನು ಓದಿ ಒಪ್ಪಬೇಕೆಂದಿಲ್ಲ, ಓದಿ ಜಗಳವಾಡಬಹುದು. ಜಗಳವಾಡಲೂ ಓದಬೇಕು. ಜನರಿಗೆ ತಾಳ್ಮೆ ಇಲ್ಲ ಎನ್ನುವವರು ಚಿಕ್ಕಲ್ಲೂರು ಜಾತ್ರೆಗೆ ಬರಲಿ. ನೀಲಗಾರರು ರಾತ್ರಿಯೆಲ್ಲ ಮಂಟೇಸ್ವಾಮಿ ಕಾವ್ಯ ಹಾಡುತ್ತಾರೆ, ಜನ ಕೂತು ಕೇಳುತ್ತಾರೆ. ಯಾವ ವಿಚಾರ ಸಂಕಿರಣ ಅಷ್ಟು ಹೊತ್ತು ಜನರನ್ನು ಹಿಡಿದಿಟ್ಟಿದೆ?

ಹಾಗಾದರೆ ಏನು ಮಾಡಬೇಕು? ವೇದಿಕೆಯನ್ನು ಮೊದಲು ಬಿಚ್ಚಬೇಕು. ಪಂಚಾಯ್ತಿಯ ಗ್ರಂಥಾಲಯದಲ್ಲಿ, ಹೊಲದ ಕೆಲಸ ಮುಗಿದ ಮೇಲೆ, ವಾರಕ್ಕೊಂದು ಸಂಜೆಯಂತೆ ಹತ್ತು ಸಂಜೆ ಸಾಕು. ಪಂಪ ರನ್ನರಿಂದ ಶುರು ಮಾಡದೆ ಹತ್ತಿರದ ಕಲ್ಲಿನಿಂದ ಶುರು ಮಾಡಬೇಕು. ಹೊಯ್ಸಳರ, ವಿಜಯನಗರದ ಕಾಲದ ಲಿಪಿ ನಮ್ಮ ಅಕ್ಷರಕ್ಕೆ ಹತ್ತಿರವಾದದ್ದು, ಅದು ಮೊದಲು. ಗಂಗರ ಕಾಲದ್ದು ಆಮೇಲೆ. ೞ, ಱ ಎಂಬ ಎರಡು ಬಿಟ್ಟುಹೋದ ಅಕ್ಷರ, ಪಕಾರದ ಕಥೆ, ‘ಅಲ್ಲಿ’ ಎನ್ನುವ ಕಡೆ ಬರುವ ‘ಒಳ್’, ‘ಅನ್ನು’ ಎನ್ನುವ ಕಡೆ ಬರುವ ‘ಅಂ’, ಇಷ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟರೆ ಅರ್ಧ ಬೀಗ ತೆರೆದ ಹಾಗೆ. ಪ್ರಮಾಣಪತ್ರ ಬೇಡ. ಬರುವ ಮೇಷ್ಟ್ರು ಕಲಿಸಲು ಬರಲಿ, ಖಂಡುಗ, ಕೊಳಗದ ಲೆಕ್ಕ ಕಲಿತು ಹೋಗಲಿ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ೨೦೨೧ರಿಂದ ಊರೊಳಗಿನ ಶಾಸನಗಳನ್ನು ಹುಡುಕಿ ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ತೆಗೆದಿಡುತ್ತಿದ್ದಾರೆ. ರಾಜಧಾನಿಯಲ್ಲಿ ಕಾಂಕ್ರೀಟಿನ ನಡುವೆ ಆಗುವ ಕೆಲಸ ಗುಂಡ್ಲುಪೇಟೆಯ ಬಯಲಿನಲ್ಲಿ ಆಗದೆ?

ಚಾಮರಾಜನಗರಕ್ಕೆ ೨೦೨೩ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂತು. ೨೦೨೫ರಲ್ಲಿ, ಇತರ ಕೆಲವು ಹೊಸ ವಿಶ್ವವಿದ್ಯಾಲಯಗಳ ಜೊತೆ, ಅದನ್ನು ಮುಚ್ಚುವ ಮಾತೂ ಎದ್ದಿತು. ಮುಚ್ಚಬೇಡಿ ಎಂದು ಬೀದಿಗೆ ಬರಲು ಜನಕ್ಕೆ ಒಂದು ಕಾರಣ ಬೇಕು. ಕಟ್ಟಡ, ಘಟಿಕೋತ್ಸವ, ಶಾಲು ಹಾರ ಆ ಕಾರಣವಾಗುವುದಿಲ್ಲ. ತಮ್ಮ ಹೊಲದ ಬದುವಿನ ಕಲ್ಲನ್ನು ತಾವೇ ಓದುವಂತೆ ಮಾಡಿದವರಿಗಾಗಿ ಜನ ಬರುತ್ತಾರೆ. ಹಳಗನ್ನಡ ಉಳಿಸಿ ಎಂದು ನಮ್ಮ ಮುಂದೆ ಭಾಷಣ ಮಾಡುವವರು ಅಕ್ಷರದ ಪಟ್ಟಿಯನ್ನು ನಮ್ಮ ಕೈಗೆ ಕೊಟ್ಟು ಸ್ವಲ್ಪ ಪಕ್ಕಕ್ಕೆ ಸರಿಯಲಿ. ಕಲ್ಲಿಗೆ ಬಿಸಿಲು ಬೀಳಬೇಕು, ಓದಬೇಕಾಗಿದೆ.