ಎರಡಾಣೆಯ ಪಾಠ

ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಇವರು ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಕೈಮಗ್ಗದ ನೇಕಾರರು ಸಂಕಷ್ಟಕ್ಕೀಡಾಗಿದ್ದ ಕಾಲವದು. 1928ರಲ್ಲಿ ಅದೇ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸುತ್ತಿದ್ದನು. ಯಾವ ಹೊಸ ಯಂತ್ರವೂ ಬರಲಿಲ್ಲ. ದುಡಿಯುವವನಿಗೆ ಬಿಡುವಿಲ್ಲವೆಂಬುದನ್ನರಿತು ಬ್ಯಾಂಕೇ ಮೆಟ್ಟಿಲಿಳಿದು ಬಂದಿತು.

ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಅದು ಕಲಿಸಿದ ಪಾಠವೂ ಲೀನವಾಗಬೇಕೆ?

ಇಂದು ಸೀತಾಬರ್ಡಿಯ ಹೋಟೆಲಿನಲ್ಲಿ ಗಿರಾಕಿಯು ಫೋನಿನಿಂದಲೇ ಹಣ ತೆರುತ್ತಾನೆ. ಅದು ನೇರವಾಗಿ ಧಣಿಯ ಖಾತೆಗೆ ಸೇರುತ್ತದೆ. ತಟ್ಟೆಯಲ್ಲಿ ಉಳಿಯುತ್ತಿದ್ದ ಚಿಲ್ಲರೆ ಮಾತ್ರ ಮಾಣಿಗೆ ತಪ್ಪಿತು. ಊರಿನ ತಾಯಿಗೆ ಕಳುಹಿಸುವ ಹಣದಲ್ಲಿ ಆ ಚಿಲ್ಲರೆಯ ಪಾಲೆಷ್ಟೆಂಬುದನ್ನು ಅವನೇ ಬಲ್ಲ. ಬಹುಕಾಲ ಗಲ್ಲಾದಲ್ಲಿ ಕುಳಿತಿದ್ದ ನಮಗೂ ಇದು ತಡವಾಗಿಯೇ ಹೊಳೆಯಿತು; ಏಕೆಂದರೆ ನಾವು ಮಾಣಿಯನ್ನು ಕೇಳಿರಲಿಲ್ಲ.

ಹೊಸತನವನ್ನು ನಾವು ಹಳಿಯುತ್ತಿಲ್ಲ. ಬಡವನನ್ನು ಕೇಳದೆ ತಂದ ಹೊಸತನವು ಅವನ ಕೈಯದನ್ನೇ ಕಸಿಯಬಹುದೆಂಬುದಷ್ಟೆ ನಮ್ಮ ಮಾತು.

ಆದುದರಿಂದ ನಾಗಪುರದ ಹೋಟೆಲು ಮಾಲೀಕರಲ್ಲಿ ನಮ್ಮ ಬಿನ್ನಹವಿಷ್ಟು: ಮಾಣಿಗಳನ್ನು ಕೂರಿಸಿಕೊಂಡು ವಿಚಾರಿಸಿರಿ. ಅವರು ಒಪ್ಪಿದರೆ ಅವರ ಇನಾಮಿಗೆಂದೇ ಇನ್ನೊಂದು ಕ್ಯೂಆರ್ ಕೋಡನ್ನು ಮೇಜಿನ ಮೇಲಿರಿಸಿ, ಬಂದುದನ್ನು ವಾರಕ್ಕೊಮ್ಮೆ ಎಲ್ಲರೆದುರು ಹಂಚಿರಿ. ಪಾತ್ರೆ ತೊಳೆಯುವವನನ್ನು ಮರೆಯದಿರಿ. ಗುಮಾಸ್ತ ಬಂಧುಗಳು ಬಿಡುವಿನ ಒಂದು ಗಂಟೆಯನ್ನು ಕೊಟ್ಟು ಖಾತೆ ತೆರೆಯಲೂ ಲೆಕ್ಕ ನೋಡಲೂ ನೆರವಾಗಲಿ.

ಎರಡಾಣೆಗೆ ಬೆಲೆ ಕೊಟ್ಟ ನಾಡಿನವರು ನಾವು. ಮಾಣಿಯ ಐದು ರೂಪಾಯಿಗೆ ಬೆಲೆ ಕೊಡಲಾರೆವೆ?